ಹುಲ್ಲಿನ ಬಾಡಿಗೆ

ಇಂಗ್ಲೆಂಡಿನಲ್ಲಿ ಹುಲ್ಲು ಬಾಡಿಗೆಗೆ ಸಿಗುತ್ತದೆ. ಮನೆ, ಅಂಗಡಿ, ಮದುವೆಯ ಪೆಂಡಾಲು, ಅಡುಗೆಯ ಹಂಡೆ, ಕೊನೆಗೆ ಮೆರವಣಿಗೆಗೆ ಆನೆಯೂ ಬಾಡಿಗೆಗೆ ಸಿಗುವುದು ನನಗೆ ಗೊತ್ತಿತ್ತು. ನೆಲದಲ್ಲಿ ತಾನಾಗಿ ಬೆಳೆದು ನಿಂತ ಹುಲ್ಲಿಗೆ ತಿಂಗಳ ಲೆಕ್ಕ ಹಾಕಿ ಬಾಡಿಗೆ ವಸೂಲು ಮಾಡಬಹುದೆಂಬುದು ಮಾತ್ರ ರಬಕವಿಯಲ್ಲಿ ಹುಟ್ಟಿ ಬೆಳೆದ ನನ್ನ ತಲೆಗೆ ಹೊಳೆದಿರಲಿಲ್ಲ. ಅಲ್ಲಿ ಕುದುರೆ ಕೊಂಡವರಿಗೆಲ್ಲ ಹೊಲ ಇರುವುದಿಲ್ಲ, ಹೊಲ ಇದ್ದವರಿಗೆಲ್ಲ ಕುದುರೆಯ ಹುಚ್ಚು ಇರುವುದಿಲ್ಲ. ಹೀಗಾಗಿ ಹೊಲದವನು ಬೇಲಿ ಹಾಕಿ, ನೀರಿನ ತೊಟ್ಟಿ ಇಟ್ಟು, ‘ಬನ್ನಿ, ನಿಮ್ಮ ಕುದುರೆ ನಮ್ಮಲ್ಲಿ ಮೇಯಲಿ’ ಎನ್ನುತ್ತಾನೆ. ಈ ಆತಿಥ್ಯಕ್ಕೆ ಲಿವರಿ ಎಂದು ಹೆಸರು.

ಲಿವರಿಯಲ್ಲಿ ದರ್ಜೆಗಳಿವೆ. ಅಗ್ಗದ್ದೆಂದರೆ ಹುಲ್ಲು ಅವರದು, ಚಾಕರಿ ನಿಮ್ಮದು. ಬೆಳಿಗ್ಗೆ ಆಫೀಸಿಗೆ ಹೋಗುವ ಮೊದಲು, ಸಂಜೆ ಬಂದ ಮೇಲೆ ನೀವೇ ಹೋಗಿ ನೀರು ನೋಡಿ, ಗೊರಸು ಕೆರೆದು, ಲದ್ದಿ ಎತ್ತಿ ಬರಬೇಕು. ನಡುವಿನ ದರ್ಜೆಯಲ್ಲಿ ಕೆಲಸ ಹಂಚಿಕೆ. ಮೇಲಿನ ದರ್ಜೆಯಲ್ಲಿ ಮೇವು, ಮಾಲೀಸು, ಕಂಬಳಿ, ವ್ಯಾಯಾಮ ಎಲ್ಲವೂ ಅವರದೇ. ನೀವು ತಿಂಗಳಿಗೆ ನೂರಾರು ಪೌಂಡು ಎಣಿಸಿಕೊಟ್ಟು, ಭಾನುವಾರ ಹೋಗಿ ಕುದುರೆಯ ಮೂಗು ಸವರಿ, ಗಜ್ಜರಿ ತಿನ್ನಿಸಿ ಬಂದರಾಯಿತು. ಹೆತ್ತವರನ್ನೂ ಹೀಗೆ ನೋಡಿಕೊಳ್ಳುವವರು ಈಗ ಎಲ್ಲ ಕಡೆ ಇದ್ದಾರೆ, ಆದ್ದರಿಂದ ನಗುವ ಹಕ್ಕು ನಮಗಿಲ್ಲ.

ಕುದುರೆಗೆ ಇಷ್ಟೊಂದು ನೆಲ ಏಕೆ ಬೇಕು? ಅದರ ಹೊಟ್ಟೆಯ ರಚನೆಯೇ ಹಾಗೆ. ಎಮ್ಮೆ ಗಬಗಬ ತಿಂದು, ನೆರಳಲ್ಲಿ ಮಲಗಿ, ಬಿಡುವಾಗಿ ಮೆಲುಕು ಹಾಕುತ್ತದೆ. ಕುದುರೆಗೆ ಆ ಸುಖವಿಲ್ಲ. ದೇಹಕ್ಕೆ ಹೋಲಿಸಿದರೆ ಅದರ ಜಠರ ಸಣ್ಣದು, ಮೆಲುಕು ಇಲ್ಲ, ವಾಂತಿ ಮಾಡಿಕೊಳ್ಳಲೂ ಬರುವುದಿಲ್ಲ. ಸ್ವಲ್ಪಸ್ವಲ್ಪವಾಗಿ ದಿನಕ್ಕೆ ಹದಿನಾಲ್ಕು-ಹದಿನಾರು ತಾಸು ಬಾಯಾಡಿಸುತ್ತಲೇ ಇರಬೇಕು. ತಪ್ಪಿದರೆ ಹೊಟ್ಟೆಶೂಲೆ, ಕುದುರೆಗೆ ಅದು ಪ್ರಾಣಕ್ಕೇ ಬರುವ ಕಾಯಿಲೆ. ಆದ್ದರಿಂದ ಕುದುರೆಯೊಂದಕ್ಕೆ ಒಂದರಿಂದ ಒಂದೂವರೆ ಎಕರೆ ಹುಲ್ಲುಗಾವಲು ಬೇಕೆಂದು ಬ್ರಿಟನ್ನಿನ ಅಂದಾಜು.

ಈ ಲೆಕ್ಕವನ್ನು ನಮ್ಮ ಕಾಕಾನ ಮುಂದೆ ಹೇಳಿದೆ. ಅವನು ಅಡಿಕೆಲೆ ಬಾಯಿಂದ ತೆಗೆದಿಟ್ಟು ಕೇಳಿದ: “ಒಂದ ಎಕರೇನ? ಒಂದ ಕುದರಿಗೆ?”

“ಹೌದು ಕಾಕಾ.”

“ಒಂದ ಎಕರೆದಾಗ ನಲವತ್ತ ಟನ್ ಕಬ್ಬ ಬರತೈತಿ. ಟನ್ನಿಗೆ ಮೂರ ಸಾವಿರ ಹಿಡಿ. ಅಂದ್ರ ಆ ಕುದರಿ ವರ್ಷಕ್ಕ ಲಕ್ಷದ ಇಪ್ಪತ್ತ ಸಾವಿರ ರೂಪಾಯಿ ಮೇದಂಗಾತು. ಅದೇನ್ ಸಾಹೇಬನ ಕುದರಿ ಏನು?”

“ಸಾಹೇಬರದ್ದೇ.”

“ಮತ್ತ ಸರಿ ಬಿಡು,” ಎಂದು ಕಾಕಾ ಎಲೆ ಮತ್ತೆ ಬಾಯಿಗಿಟ್ಟ.

ಅವನ ಅಚ್ಚರಿಗೆ ಇನ್ನೊಂದು ಕಾರಣವೂ ಇತ್ತು. ನಮ್ಮ ಕಡೆ ಹೊಲದಲ್ಲಿ ಹುಲ್ಲು ಬೆಳೆಯುವುದೆಂದರೆ ಆ ಮನೆತನದ ಮರ್ಯಾದೆಯ ಪ್ರಶ್ನೆ. ಅದರಲ್ಲೂ ಕರಿಕೆ. ಗಣಪತಿಗೆ ಇಪ್ಪತ್ತೊಂದು ಎಸಳು ಏರಿಸುವಾಗ ಅದು ದೂರ್ವೆ. ಕರಿಮಣ್ಣಿನ ಹೊಲಕ್ಕೆ ಕಾಲಿಟ್ಟರೆ ದೆವ್ವ. ಗಳೆ ಹೊಡೆದರೆ ತುಂಡಾಗಿ, ಒಂದೊಂದು ತುಂಡೂ ಒಂದೊಂದು ಸಂಸಾರ ಹೂಡುತ್ತದೆ. ಅದನ್ನು ಬೇರುಸಹಿತ ಅಗೆಸಲು ನಮ್ಮ ಹಿರಿಯರು ಸುರಿದ ಕೂಲಿಯಲ್ಲಿ ಒಂದೆರಡು ಬಾವಿ ತೋಡಿಸಬಹುದಿತ್ತು. ಇದೇ ಕರಿಕೆಯನ್ನು ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ದುಡ್ಡು ಕೊಟ್ಟು ತಂದು ಬೆಳೆಸುತ್ತಾರೆ, ಕುದುರೆಗೆ ಉತ್ತಮ ಮೇವೆಂದು! ಬರ್ಮುಡಾ ಹುಲ್ಲು ಎಂಬ ಅಂದದ ಹೆಸರೂ ಅದಕ್ಕಿದೆ. ಈ ಸುದ್ದಿಯನ್ನು ಮಾತ್ರ ನಾನು ಕಾಕಾನಿಗೆ ತಡಮಾಡಿ ಹೇಳಿದೆ. ಅವನ ಬೆನ್ನು ಕರಿಕೆ ಅಗೆದೇ ಬಾಗಿದ್ದು.

ಹಾಗೆಂದು ನಮ್ಮದು ಕುದುರೆ ಕಾಣದ ಸೀಮೆಯೇನಲ್ಲ. ಒಂದು ಕಾಲಕ್ಕೆ ಇಲ್ಲಿ ನೆಲ ಹಂಚಿದ್ದೇ ಕುದುರೆಯ ಹೆಸರಿನಲ್ಲಿ. ರಬಕವಿ ಸಾಂಗಲಿ ಸಂಸ್ಥಾನಕ್ಕೆ, ಕೂಗಳತೆಯ ಬನಹಟ್ಟಿ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು; ಎರಡೂ ಕಡೆ ಪಟವರ್ಧನರು. ಆಚೆ ಮುಧೋಳದಲ್ಲಿ ಘೋರ್ಪಡೆಯವರು. ಪೇಶ್ವೆಯವರು ಪಟವರ್ಧನರಿಗೆ ಸೀಮೆ ಬಿಟ್ಟುಕೊಟ್ಟದ್ದು ಸರಂಜಾಮಿ ಎಂದು. ಯುದ್ಧ ಬಂದಾಗ ಇಷ್ಟು ಸವಾರರನ್ನು ಕರೆದುಕೊಂಡು ಬರಬೇಕು, ಅವರ ಖರ್ಚಿಗೆ ಈ ಊರುಗಳ ಉತ್ಪನ್ನ ಎಂಬುದು ಕರಾರು. ಅಂದರೆ ಇಡೀ ಸೀಮೆಯೇ ಒಂದು ದೊಡ್ಡ ಲಿವರಿ. ಕುದುರೆ ಸರದಾರರದು, ಮೇವಿನ ಬಾಡಿಗೆ ಕಟ್ಟುವವನು ರೈತ.

ಆ ಸವಾರರಲ್ಲೂ ಎರಡು ಬಗೆ. ಸ್ವಂತ ಕುದುರೆ ತಂದವನು ಶಿಲೇದಾರ. ಸರಕಾರದ ಪಾಗೆಯಿಂದ, ಅಂದರೆ ಲಾಯದಿಂದ, ಕುದುರೆ ಪಡೆದವನು ಬಾರ್ಗೀರ. ಇದನ್ನು ರಬಕವಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಸ್ವಂತ ಮಗ್ಗ ಇರುವ ನೇಕಾರನಿಗೂ ಮಾಲಕರ ಮಗ್ಗದ ಮೇಲೆ ಕೂಲಿಗೆ ನೇಯುವವನಿಗೂ ಇರುವ ಅಂತರವೇ ಅದು. ಮಗ್ಗ ಸ್ವಂತದ್ದಾದರೆ ಮಾತಿನಲ್ಲಿ ಗತ್ತು ಹೆಚ್ಚು, ನಿದ್ದೆ ಕಡಿಮೆ. ಕುದುರೆ ಸತ್ತರೆ ಶಿಲೇದಾರನೂ ಮುಳುಗಿದ. ಬಾರ್ಗೀರನಿಗೆ ಬರುವ ದುಃಖ ಸರಕಾರಿ ದುಃಖ.

ಯುದ್ಧಗಳನ್ನು ಕತ್ತಿ ಗೆಲ್ಲುತ್ತದೆಂದು ಶಾಲೆಯಲ್ಲಿ ಓದಿದ್ದೆವು. ಗೆಲ್ಲಿಸುವುದು, ಅದಕ್ಕಿಂತ ಹೆಚ್ಚಾಗಿ ಸೋಲಿಸುವುದು, ಮೇವು. 1791ರ ಮೇ ತಿಂಗಳಲ್ಲಿ ಇಂಗ್ಲಿಷರ ಲಾರ್ಡ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದಿದ್ದ. ಟಿಪ್ಪುವಿನ ಕಡೆಯವರು ದಾರಿಯ ಮೇವನ್ನೆಲ್ಲ ಸುಟ್ಟು ಇಟ್ಟಿದ್ದರು. ಫಿರಂಗಿ ಎಳೆಯುವ ಎತ್ತುಗಳು ಸಾಲಾಗಿ ಸತ್ತವು. ಲಾರ್ಡ್ ಸಾಹೇಬ ತನ್ನ ಫಿರಂಗಿಗಳನ್ನು ತಾನೇ ಒಡೆಸಿ ಹಿಂದಿರುಗಬೇಕಾಯಿತು. ದಾರಿಯಲ್ಲಿ ಅವನಿಗೆ ಎದುರಾದದ್ದು ಧಾರವಾಡದ ಕೋಟೆಯನ್ನು ಗೆದ್ದು ಬಂದಿದ್ದ ಪರಶುರಾಮಭಾವು ಪಟವರ್ಧನರ ದಂಡು. ದಂಡಿನ ಬಜಾರಿನಲ್ಲಿ ದವಸ ಧಾರಾಳವಾಗಿತ್ತು, ಬೆಲೆಯೂ ಧಾರಾಳವಾಗಿತ್ತು. ಹಸಿದ ಮಿತ್ರನಿಗೆ ದುಬಾರಿ ದರದಲ್ಲಿ ಮಾರಿದರು. ವ್ಯಾಪಾರ ಗೊತ್ತಿದ್ದ ಜನ.

ಕುದುರೆಯ ವ್ಯಾಪಾರದಲ್ಲಿ ವಿಜಯನಗರದ ಅರಸರಷ್ಟು ಉದಾರಿಗಳು ಮಾತ್ರ ಯಾರೂ ಇಲ್ಲ. ಕಡಲಾಚೆಯಿಂದ ಬರುವ ಕುದುರೆ ನಡುದಾರಿಯಲ್ಲಿ ಸತ್ತರೆ ಬಾಲ ತಂದು ತೋರಿಸಿದರೂ ಸಾಕು, ಸಾಳುವ ನರಸಿಂಹ ಜೀವಂತ ಕುದುರೆಯ ಹಾಗೆಯೇ ಹಣ ಕೊಡುತ್ತಿದ್ದನೆಂದು ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್ ಬರೆದಿಟ್ಟಿದ್ದಾನೆ. ಇಂದಿನ ವಿಮಾ ಕಂಪನಿಗಳು ಓದಬೇಕಾದ ಪುಟ ಅದು.

1948ರಲ್ಲಿ ಸಂಸ್ಥಾನಗಳು ವಿಲೀನವಾದವು. ಸರದಾರರ ಜತೆಗೇ ಪಾಗೆಗಳೂ ಹೋದವು. ಮುಧೋಳದ ಹೆಸರು ಉಳಿದದ್ದು ಕುದುರೆಯಿಂದಲ್ಲ, ನಾಯಿಯಿಂದ. 2005ರಲ್ಲಿ ಮುಧೋಳ ನಾಯಿಯ ಚಿತ್ರದ ಅಂಚೆಚೀಟಿ ಬಂತು, ತಿಮ್ಮಾಪುರದಲ್ಲಿ ಅದಕ್ಕೊಂದು ಸಂಶೋಧನಾ ಕೇಂದ್ರವೂ ಇದೆ. ನಾಯಿ ಜಾಣ. ಅದು ಮಾಲಕನ ತಾಟಿನಲ್ಲಿ ಪಾಲು ಕೇಳಿತು, ಎಕರೆ ಕೇಳಲಿಲ್ಲ.

ಎಕರೆಗಟ್ಟಲೆ ಉಳಿಸಿಕೊಂಡ ಕುದುರೆಗಳು ನಮ್ಮ ರಾಜ್ಯದಲ್ಲಿ ಕುಣಿಗಲ್ಲಿನವು. ಟಿಪ್ಪುವಿನ ಕಾಲದಿಂದ ಬಂದ ಆ ಅಶ್ವಶಾಲೆ ಸರಕಾರದ ಆಸ್ತಿ. ನಾನೂರು ಎಕರೆಗೂ ಮಿಗಿಲು. 1992ರಲ್ಲಿ ಅದನ್ನು ಖಾಸಗಿ ಕಂಪನಿಗೆ 30 ವರ್ಷಕ್ಕೆ ಗುತ್ತಿಗೆ ಕೊಟ್ಟರು. ಕುದುರೆಗೆಂದು ನೆಲ ಬಾಡಿಗೆಗೆ ಕೊಡುವುದು ಇಂಗ್ಲೆಂಡಿನವರ ಕಲ್ಪನೆಯೆಂದು ತಿಳಿದಿದ್ದ ನಾನು ಇದನ್ನು ನೆನೆದು ಸಮಾಧಾನಪಟ್ಟುಕೊಂಡೆ. ಆದರೆ ಅದು ರೇಸಿನ ಕುದುರೆಗಳ ವೈಭೋಗ. ಸಾಮಾನ್ಯ ಜಾನುವಾರಿಗೆ ಕಾನೂನು ಬಿಟ್ಟುಕೊಟ್ಟದ್ದು ಗೋಮಾಳ, ನಮ್ಮ ಬಾಯಲ್ಲಿ ಗಾಯರಾಣ. ಪ್ರತಿ 100 ಜಾನುವಾರಿಗೆ 12 ಹೆಕ್ಟೇರು ಬಿಟ್ಟಿ ಮೇವಿಗೆ ಇರಬೇಕೆಂದು ಕರ್ನಾಟಕದ ಭೂಕಂದಾಯ ನಿಯಮ ಹೇಳುತ್ತದೆ. ಗಾಯರಾಣ ಹುಡುಕಿಕೊಂಡು ಹೊರಟರೆ ನಿಮಗೆ ಶಾಲೆ ಸಿಗುತ್ತದೆ, ನೀರಿನ ಟಾಕಿ ಸಿಗುತ್ತದೆ, ಆಶ್ರಯ ಮನೆ ಸಿಗುತ್ತವೆ. ಎಲ್ಲವೂ ಬೇಕಾದವೇ. ದನ ಮತ ಹಾಕುವುದಿಲ್ಲ, ಅಷ್ಟೆ.

ಇಷ್ಟಾದರೂ ನಮ್ಮ ಸೀಮೆಯಲ್ಲಿ ಇವತ್ತಿಗೂ ಹೊಲಹೊಲ ಮೇದುಕೊಂಡು ತಿರುಗುವ ಕುದುರೆಗಳಿವೆ. ಜಾತ್ರೆಯ ಶರ್ಯತ್ತಿನವನ್ನು ನಾನು ಹೇಳುತ್ತಿಲ್ಲ. ಒಂದು ಎತ್ತಿನ ಜತೆ ಒಂದು ಕುದುರೆ ಹೂಡಿ ಗಾಡಿ ಓಡಿಸುವ ಆ ಹುಚ್ಚಿಗೆ ಬೇರೆಯೇ ಪ್ರಬಂಧ ಬೇಕು. ನಾನು ಹೇಳುವುದು ಕುರಿಗಾರರ ಕುದುರೆ. ಸುಗ್ಗಿ ಮುಗಿದ ಮೇಲೆ ದಾರಿಯಲ್ಲಿ ನೋಡಿ: ಮುಂದೆ ಕುರಿಹಿಂಡು, ಪಕ್ಕದಲ್ಲಿ ನಾಯಿ, ಹಿಂದೆ ಗಿಡ್ಡ ಕುದುರೆಗಳು. ಅವುಗಳ ಮೇಲೆ ಗುಡಾರ, ಬಲೆ, ಬೋಗುಣಿ, ಕಂಬಳಿ, ನಿನ್ನೆ ಹುಟ್ಟಿದ ಮರಿ, ಹೇರಿನ ತುದಿಗೆ ಕಾಲು ಕಟ್ಟಿಸಿಕೊಂಡ ಕೋಳಿ. ಕುದುರೆ ಕಂಡರೆ ಕಾಲುನೋವು ಎಂಬ ಗಾದೆ ಆ ಕುರಿಗಾರರಿಗೆ ಅನ್ವಯಿಸುವುದಿಲ್ಲ. ಕುದುರೆ ಇದ್ದರೂ ಅವರು ನಡೆದೇ ಹೋಗುತ್ತಾರೆ, ಸವಾರಿ ಕೋಳಿಯದು.

ಇವರು ಹೊಲದಲ್ಲಿ ಬೀಡುಬಿಟ್ಟರೆ ಬಾಡಿಗೆ ಯಾರು ಕೊಡುತ್ತಾರೆ? ಹೊಲದವನೇ ಕೊಡುತ್ತಾನೆ! ರಾತ್ರಿ ಹೊಲದಲ್ಲಿ ಕುರಿ ತರುಬಿದ್ದಕ್ಕೆ ಹಿಂದೆ ಜೋಳ ಅಳೆದು ಕೊಡುತ್ತಿದ್ದರು, ಈಗ ರೊಕ್ಕ. ಹಿಕ್ಕಿ ಮತ್ತು ಗಂಜಳ ಬೀಳಲೆಂದೇ ಈ ಉಪಚಾರ. ಒಂದು ರಾತ್ರಿ ಇಲ್ಲಿ, ಮರುರಾತ್ರಿ ಬಲೆ ಸರಿಸಿ ಅಲ್ಲಿ. ಹೊಲವೆಲ್ಲ ಸಮನಾಗಿ ಉಣ್ಣುತ್ತದೆ. ಗೊಬ್ಬರ ಹೇರುವ ಗಾಡಿ ಬೇಡ, ಹರಡುವ ಆಳು ಬೇಡ. ಅರಿಶಿನ ಹಾಕುವವರು, ಕಬ್ಬು ನೆಡುವವರು ಕುರಿಗಾರನಿಗೆ ಮುಂಚಿತವಾಗಿ ಫೋನು ಹಚ್ಚಿ ‘ಮೊದಲ ನಮ್ಮ ಹೊಲಕ್ಕ ಬಾರಪಾ’ ಎಂದು ಕರೆಯುವುದನ್ನು ನಾನು ಕೇಳಿದ್ದೇನೆ.

ಇಂಗ್ಲೆಂಡಿನ ಹುಲ್ಲುಗಾವಲಿನಲ್ಲಿ ಇದು ತಲೆಕೆಳಗು. ಕುದುರೆ ಶುಚಿಯ ಪ್ರಾಣಿ. ತಾನು ಲದ್ದಿ ಹಾಕಿದ ಜಾಗದಲ್ಲಿ ಮೇಯುವುದಿಲ್ಲ. ಬಿಟ್ಟರೆ ಅರ್ಧ ಹೊಲ ಬೋಳು, ಅರ್ಧ ಹೊಲ ಪೊದೆ. ಜತೆಗೆ ಹೊಟ್ಟೆಹುಳದ ಕಾಟ. ಆದ್ದರಿಂದ ಒಡೆಯರು ಸಲಿಕೆ, ಕೈಗಾಡಿ ಹಿಡಿದು ಲದ್ದಿ ಆರಿಸುತ್ತಾರೆ. ಒಂದು ಕುದುರೆ ದಿನಕ್ಕೆ ಹಾಕುವುದು ಇಪ್ಪತ್ತು ಕಿಲೋಗೂ ಮೇಲೆ. ಆ ಗುಡ್ಡೆಯನ್ನು ಸಾಗಹಾಕಲು ಕೆಲವರು ದುಡ್ಡು ಕೊಡುವುದೂ ಉಂಟು. ಬಿದ್ದದ್ದು ಕಸವೋ ಕಸುವೋ ಎಂಬುದರ ಮೇಲೆ ಯಾರು ಯಾರಿಗೆ ಹಣ ಕೊಡಬೇಕೆಂಬುದು ನಿರ್ಧಾರವಾಗುತ್ತದೆ. ನಮ್ಮ ಕುರಿಗಾರನ ಕುದುರೆ ಮಾತ್ರ ಈ ಜಗಳದಿಂದ ದೂರ: ಮುಂಗಾಲಿಗೆ ಹಗ್ಗ ಹಾಕಿಸಿಕೊಂಡು ಬದುವಿನ ಹುಲ್ಲು ಕುಪ್ಪಳಿಸಿ ಕುಪ್ಪಳಿಸಿ ಮೇಯುತ್ತದೆ, ಅದರ ಲೆಕ್ಕ ಕುರಿಯ ಖಾತೆಗೆ ಜಮೆ.

ಈಗ ಅದಕ್ಕೂ ಕುತ್ತು ಬಂದಿದೆ. ನೀರಾವರಿ ಬಂದು ಹನ್ನೆರಡು ತಿಂಗಳೂ ಕಬ್ಬು ನಿಂತ ಮೇಲೆ ಬೀಡುಬಿಡಲು ಬಯಲು ಎಲ್ಲಿದೆ? ಅದೇ ನೀರು ಅತಿಯಾಗಿ ಹೊಲಗಳು ಸವಳು-ಜವಳು ಹಿಡಿದು ಬೆಳ್ಳಗೆ ಉಪ್ಪು ಕಾರುತ್ತಿವೆ. ಅಂಥ ಹೊಲದಲ್ಲಿ ಕಬ್ಬು ಏಳುವುದಿಲ್ಲ. ಏಳುವುದು, ಉಪ್ಪಿಗೂ ಜಗ್ಗದ ಆ ಕರಿಕೆ.

ಕಾಕಾನಿಗೂ ನದಿಯ ದಂಡೆಗೆ ಎರಡೆಕರೆ ಜವಳು ಹೊಲವಿದೆ. ಅದರ ಬದುವಿನ ಮೇಲೆ ಕುಳಿತೇ ನಾನು ಬರ್ಮುಡಾ ಹುಲ್ಲಿನ ಸುದ್ದಿಯನ್ನು, ಲದ್ದಿ ಆರಿಸುವ ಸಾಹೇಬರ ಸಂಕಟವನ್ನು ಅವನಿಗೆ ಹೇಳಿದೆ. ಬೆನ್ನು ನೀವಿಕೊಳ್ಳುತ್ತ ಬಹಳ ಹೊತ್ತು ಕರಿಕೆಯನ್ನೇ ನೋಡಿದ.

“ತಮ್ಮಾ, ಎರಡ ಕುದರಿ ಇಟಗೊಳ್ಳಾಕ ಬರತೈತಿ ಇಲ್ಲಿ,” ಎಂದ. “ಹುಲ್ಲಿನ ಬಾಡಿಗಿ ಬ್ಯಾರೆ. ಲದ್ದಿ ಎತ್ತಿದ್ದಕ್ಕ ಕೂಲಿ ಬ್ಯಾರೆ.”

“ಎತ್ತಿದ ಲದ್ದಿ, ಕಾಕಾ?”

“ಅದ ನಂದ. ಕರಾರನ್ಯಾಗ ಮೊದಲ ಬರಸು.”