ಆಡು ತಿಂದ ಬೀದರ

ಸೀಮೆಸುಣ್ಣ ಎತ್ತದೆ ಒಂದೇ ಗೀಟಿನಲ್ಲಿ ಕರ್ನಾಟಕದ ನಕಾಶೆ ಬಿಡಿಸುತ್ತೇನೆ ಎಂಬುದು ನನ್ನ ಜಂಬ. ಬೀದರದ ನೆತ್ತಿಯಿಂದ ಹೊರಟು, ಬೆಳಗಾವಿ ಬಳಸಿ, ಕಾರವಾರದಲ್ಲಿ ಕಡಲಿಗಿಳಿದು, ಚಾಮರಾಜನಗರ ಸುತ್ತಿ, ಕೋಲಾರ, ರಾಯಚೂರು ದಾಟಿ ಮತ್ತೆ ಬೀದರಕ್ಕೆ ಬಂದು ಗೀಟು ಕೂಡಿಸಿದಾಗ ಬೀದರ ಜಿಲ್ಲೆಯ ಕೊಹಿನೂರಿನ ನಮ್ಮ ಓಣಿಯ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಒಳಗಿನಿಂದ ಮನೆಯಾಕೆಯ ದನಿ: "ರಾಜ್ಯಾ ಸುತ್ತಿ ಬರ್ತಾರ, ಸಂತಿಗಿ ಹೋದ್ರ ಕೊತ್ತಂಬರಿ ಮರ್ತು ಬರ್ತಾರ."

ಸಂಬಳವಿಲ್ಲದ ಈ ಮಾಸ್ತರಿಕೆಗೆ ಮೊದಲ ಪೆಟ್ಟು ಕೊಟ್ಟವನು ಸೂರ್ಯ. ಎಳ್ಳಮಾವಾಸ್ಯೆಯ ಆಸುಪಾಸು. ಮಕ್ಕಳನ್ನು ಬೆಳಿಗ್ಗೆ ಅಂಗಳದಲ್ಲಿ ನಿಲ್ಲಿಸಿ, "ಹೊತ್ತು ಹುಟ್ಟುವ ಕಡೆ ಮುಖ ಮಾಡಿ. ಎದುರಿಗೆ ಪೂರ್ವ, ಎಡಗೈಗೆ ಉತ್ತರ" ಎಂದೆ.

ಒಬ್ಬಳು ಹುಡುಗಿ ಕೇಳಿದಳು: "ಸರ್, ನಿಮ್ಮ ಬಾಗಿಲ ಪೂರ್ವಕ್ಕದ ಅಂತೀರಿ. ಹೊತ್ತು ನೋಡಿದ್ರ ಬೇವಿನ ಗಿಡದ ಹಿಂದ ಹುಟ್ಟೇದ. ಯಾವುದು ಖರೆ?"

ಸೂರ್ಯ ಸರಿಯಾಗಿ ಪೂರ್ವಕ್ಕೆ ಹುಟ್ಟುವುದು ಮಾರ್ಚ್ 21, ಸೆಪ್ಟೆಂಬರ್ 23ರ ಸುಮಾರಿಗೆ ಮಾತ್ರ. ಡಿಸೆಂಬರ್ ಕೊನೆಗೆ ನಮ್ಮ ಕಡೆ 25 ಡಿಗ್ರಿಯಷ್ಟು ದಕ್ಷಿಣಕ್ಕೆ ಸರಿದಿರುತ್ತಾನೆ, ಭೂಮಿ ಇಪ್ಪತ್ತಮೂರೂವರೆ ಡಿಗ್ರಿ ವಾಲಿದೆ ಎಂದು ಉಳ್ಳಾಗಡ್ಡಿ ಹಿಡಿದು ವಿವರಿಸಿದೆ. ಮಕ್ಕಳಿಗೆ ಏನು ತಿಳಿಯಿತೋ, ಮನೆಯಾಕೆಗೆ ತಿಳಿದದ್ದು ಒಂದೇ: ವಾಸ್ತು ಕೆಟ್ಟಿದೆ. "ಭೂಮಿ ವಾಲಿದ್ರ ವಾಲ್ಲಿ, ಬಾಗಿಲಾದ್ರೂ ನೆಟ್ಟಗ ಇಡಬೇಕಿಲ್ಲೇನ್ರಿ?" ಅಂದಿನಿಂದ ಹಾಲು ಒಡೆದರೂ ಆ ಬಾಗಿಲೇ ಕಾರಣ. ಉಳ್ಳಾಗಡ್ಡಿಯನ್ನೂ ಕಸಿದುಕೊಂಡಳು.

ಆಮೇಲೆ ಮಾಂಜ್ರಾ. ಅದು ಮಹಾರಾಷ್ಟ್ರದ ಬಾಲಾಘಾಟ ಗುಡ್ಡಗಳಲ್ಲಿ ಹುಟ್ಟಿ, ನಮ್ಮ ಜಿಲ್ಲೆಗೆ ಬಂದು, ತೆಲಂಗಾಣದಲ್ಲಿ ಉತ್ತರಕ್ಕೆ ತಿರುಗಿ ಗೋದಾವರಿ ಸೇರುತ್ತದೆ ಎಂದು ನಕಾಶೆಯ ಅಂಚು ದಾಟಿ ಗೋಡೆಯ ಮೇಲೆಲ್ಲ ಬೆರಳಾಡಿಸಿದೆ.

"ನೀರು ಕೆಳಗೇ ಹರಿತದ ಅಂದಿದ್ರಿ. ಇದು ಮ್ಯಾಲ ಹತ್ಲತ್ತದಲ್ರೀ ಸರ್!"

ತಪ್ಪು ಹುಡುಗನದಲ್ಲ, ಮೊಳೆಯದು. ನೇತುಹಾಕಿದ ನಕಾಶೆಯಲ್ಲಿ ಉತ್ತರವೆಂದರೆ ಸೂರು, ದಕ್ಷಿಣವೆಂದರೆ ನೆಲ. ಹಾಗಾಗಿ ನಕಾಶೆ ಇಳಿಸಿ, ಅದರ ಉತ್ತರವನ್ನು ಊರಿನ ಉತ್ತರಕ್ಕೆ ಹೊಂದಿಸಿ ಅಂಗಳದಲ್ಲಿ ಹಾಸಿದೆ. ನನ್ನ ಜಾಣತನಕ್ಕೆ ನಾನೇ ತಲೆದೂಗುತ್ತಿರುವಾಗ ಪಕ್ಕದ ಮನೆಯ ಆಡು ಬಂದು ತಲೆಯಿಂದಲೇ ಶುರುಮಾಡಿತು. ಔರಾದ ಹೋಯಿತು, ಭಾಲ್ಕಿ ಹೋಯಿತು, ಕೋಲು ಹುಡುಕಿ ತರುವಷ್ಟರಲ್ಲಿ ಬಸವಕಲ್ಯಾಣ, ಹುಮನಾಬಾದ ಎರಡೂ ಬಾಯಲ್ಲಿ. 1956ರಲ್ಲಿ ಹೈದರಾಬಾದ ರಾಜ್ಯದಿಂದ ನಮ್ಮನ್ನು ಕನ್ನಡ ನಾಡಿಗೆ ಸೇರಿಸಲು ಹಿರಿಯರು ಪಟ್ಟ ಪಾಡೆಲ್ಲ ನಾಲ್ಕು ತುತ್ತಿಗೆ ಮುಗಿಯಿತು.

"ಸರ್, ಈಗ ನಾವು ಎಲ್ಲಿದ್ದೀವ್ರೀ?"

ಉತ್ತರ ಮನೆಯಾಕೆಯೇ ಕೊಟ್ಟಳು: "ಆಡಿನ ಹೊಟ್ಟ್ಯಾಗ."

ಕಾಗದದ ಸಹವಾಸವೇ ಬೇಡವೆಂದು ಮಣ್ಣಿಗಿಳಿದೆ. ನಮ್ಮ ಜಿಲ್ಲೆಯ ಮಳೆಗೆ ಎರಡು ದಾರಿ: ಹೆಚ್ಚಿನ ಪಾಲು ಮಾಂಜ್ರಾ ಹಿಡಿದು ಗೋದಾವರಿಗೆ, ಇನ್ನೊಂದಿಷ್ಟು ಮುಲ್ಲಾಮಾರಿ, ಕಾಗಿಣಾ, ಭೀಮಾ ಹಾದು ಕೃಷ್ಣೆಗೆ. ಇದನ್ನು ತೋರಿಸಲು ಎರೆಮಣ್ಣು ಕಲಸಿ ದಿಣ್ಣೆ ಕಟ್ಟಿ, ಕುಡಿಯುವ ನೀರಿನ ಕೊಡವನ್ನೇ ಎತ್ತಿ ನೆತ್ತಿಗೆ ಸುರಿದೆ. ನೀರು ಎರಡಾಗಿ ಸೀಳಬೇಕಿತ್ತು. ದಿಣ್ಣೆಯನ್ನೇ ಹೊತ್ತುಕೊಂಡು ಅಡುಗೆಮನೆಗೆ ನುಗ್ಗಿ, ಆರಹಾಕಿದ್ದ ತೊಗರಿಬೇಳೆಯ ತನಕ ಹೋಯಿತು.

"ಅಂಗಳದ ಇಳಿಜಾರು ಒಳಗ ಅದ ಅಂತ ಮನಿ ಕಟ್ಟಿಸಿದಾಗಿಂದ ಹೇಳ್ಲತ್ತೀನಿ!"

ಮಕ್ಕಳು ಅದನ್ನೂ ಪಟ್ಟಿಯಲ್ಲಿ ಬರೆದುಕೊಂಡರು. ನಾನು ಗೋಣಿಚೀಲ ಹಿಡಿದು ನೆಲ ಒರೆಸುತ್ತಲೇ ಪಾಠ ಮುಂದುವರಿಸಿದೆ: "ಇದಕ್ಕೆ ನೆರೆ ಹಾವಳಿ ಎನ್ನುತ್ತಾರೆ."

"ಬ್ಯಾಳಿ ಕೆಟ್ಟದ. ಪರಿಹಾರ ಎಷ್ಟು ಕೊಡ್ತೀರಿ?" ಎಂದಳು.

"ಸರ್ವೆ ನಡದದ" ಎಂದೆ.