ಹೊಳಿ ಬಂತು, ಉತಾರ ತೋರಿಸಿ

ಗೋಕಾಕದ ಜನರಿಗೆ ಘಟಪ್ರಭಾ ಹೊಳೆಯನ್ನು ಹೊಸದಾಗಿ ಪರಿಚಯ ಮಾಡಿಕೊಡುವ ಕೆಲಸವನ್ನು ಸರ್ಕಾರ ಎರಡು-ಮೂರು ವರ್ಷಕ್ಕೊಮ್ಮೆ ತಪ್ಪದೆ ಮಾಡುತ್ತದೆ. 2019ರ ಆಗಸ್ಟ್‌ನಲ್ಲಿ ಊರೊಳಗೆ ನೀರು ಬಂತು, ಅನಿರೀಕ್ಷಿತ. 2021ರ ಜುಲೈನಲ್ಲಿ ಮತ್ತೆ ಬಂತು, ಅದೂ ಅನಿರೀಕ್ಷಿತ. 2024ರ ಜುಲೈನಲ್ಲಿ ಲೋಳಸೂರ ಸೇತುವೆ ಮತ್ತೊಮ್ಮೆ ಮುಳುಗಿತು. ಇಷ್ಟು ಹೊತ್ತಿಗೆ ನದಿಗೇ ಬೇಸರ ಬಂದಿರಬೇಕು, ಬಂದಾಗಲೆಲ್ಲ ಗುರುತಿನ ಚೀಟಿ ತೋರಿಸಬೇಕಲ್ಲ ಎಂದು. ದನದ ಪೇಟೆಯ ಅಜ್ಜಿಯರಿಗೆ ಮಾತ್ರ ಇದೆಲ್ಲ ಗೊತ್ತಿಲ್ಲ. ಹಿಡಕಲ್‌ನಿಂದ ನೀರು ಬಿಟ್ಟರು ಎಂದು ಕಿವಿಗೆ ಬಿದ್ದೊಡನೆ ಟ್ರಂಕನ್ನು ಅಟ್ಟಕ್ಕೇರಿಸಿ, ಜೋಳದ ಚೀಲ ಮಗನ ಹೆಗಲಿಗೇರಿಸಿ, 'ಈ ಸಲ ಹೊಳಿ ಸ್ವಲ್ಪ ತಡಾನ ಮಾಡ್ತು' ಎಂದುಬಿಡುತ್ತಾರೆ. ಹವಾಮಾನ ಇಲಾಖೆಯವರು ಅವರನ್ನು ನೇಮಕ ಮಾಡಿಕೊಂಡಿಲ್ಲ, ಪಾಪ, ಪದವಿ ಇಲ್ಲ.

ಹಿಡಕಲ್ ಜಲಾಶಯ ಹಿಡಿಯುವುದು 51 ಟಿಎಂಸಿ. ಕಟ್ಟಿದ್ದು ನೀರಾವರಿಗೆ. ಜುಲೈನಲ್ಲಿ ಅದು ತುಂಬದಿದ್ದರೆ ರೈತರು ಬೈಯುತ್ತಾರೆ, ತುಂಬಿ ಗೇಟು ಎತ್ತಿದರೆ ಗೋಕಾಕದವರು ಬೈಯುತ್ತಾರೆ. ಎಂಜಿನಿಯರ್ ನಡುವೆ ನಿಂತು ಆಕಾಶ ನೋಡುತ್ತಾನೆ. ಬಿಟ್ಟ ನೀರಿಗೆ ಹಿರಣ್ಯಕೇಶಿ ಒಂದು ಕಡೆಯಿಂದ, ಮಾರ್ಕಂಡೇಯ ಇನ್ನೊಂದು ಕಡೆಯಿಂದ ಕೈ ಜೋಡಿಸಿದರೆ ಊರಿನ ತಗ್ಗು ಓಣಿಗಳು ಹೊಳೆಯ ಪಾತ್ರವೇ ಆಗಿಬಿಡುತ್ತವೆ. ತುಂಬಿದಾಗ ಬಾಗಿನ, ಬಿಟ್ಟಾಗ ಪರಿಹಾರ: ಒಂದೇ ನೀರು, ಎರಡು ಕಾರ್ಯಕ್ರಮ. ಎರಡಕ್ಕೂ ಶಾಮಿಯಾನ ಬೇಕು.

2019ರದ್ದು ಮಾತ್ರ ವಿಶೇಷ ಪ್ರದರ್ಶನ. ಜುಲೈ 25ರಂದು ಗೋಕಾಕದ ಶಾಸಕರನ್ನು ಸ್ಪೀಕರ್ ಅನರ್ಹಗೊಳಿಸಿದರು. 26ರಂದು ಯಡಿಯೂರಪ್ಪ ಮುಖ್ಯಮಂತ್ರಿಯಾದರು. ಉಳಿದ ಮಂತ್ರಿಗಳು ಪ್ರಮಾಣವಚನ ಸ್ವೀಕರಿಸಿದ್ದು ಆಗಸ್ಟ್ 20ಕ್ಕೆ. ನಡುವೆ ಆಗಸ್ಟ್ ಮೊದಲ ವಾರದಲ್ಲೇ ಘಟಪ್ರಭೆ ಬಂದುಬಿಟ್ಟಳು. ಊರಿಗೆ ಶಾಸಕರಿಲ್ಲ, ರಾಜ್ಯಕ್ಕೆ ಸಂಪುಟವಿಲ್ಲ, ಸ್ವಾಗತಕ್ಕೆ ಯಾರೂ ಇಲ್ಲ! ಅಕ್ಟೋಬರ್‌ನಲ್ಲಿ ಗುಡ್ಡದ ಮೇಲಿನ ಬಂಡೆಯೂ ಊರ ಮೇಲೆ ಉರುಳುತ್ತೇನೆ ಎಂದು ಹೆದರಿಸಿತು. ಡಿಸೆಂಬರ್ 5ಕ್ಕೆ ಉಪಚುನಾವಣೆ ಬಂತು. ಅನರ್ಹಗೊಂಡ ಅಣ್ಣ ಒಂದು ಪಕ್ಷ, ಅವರ ತಮ್ಮ ಇನ್ನೊಂದು ಪಕ್ಷ. ಅಣ್ಣ ಗೆದ್ದರು. ನದಿ ಸ್ಪರ್ಧಿಸಿರಲಿಲ್ಲ.

ಇನ್ನು ಪರಿಹಾರ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಅಷ್ಟು ಚೆಂದ ಇದೆ. ಆಗಿನ ವಿಪತ್ತು ಪರಿಹಾರ ನಿಧಿಯ ನಿಯಮದಂತೆ ಮುಳುಗಿದ ಮನೆಯವರ ಬಟ್ಟೆಗೆ 1,800 ರೂಪಾಯಿ, ಪಾತ್ರೆ-ಪಗಡಕ್ಕೆ 2,000, ಒಟ್ಟು 3,800. ರಾಜ್ಯ ತನ್ನ ಪಾಲು ಸೇರಿಸಿ 10 ಸಾವಿರ ಮಾಡಿತು, ಒಪ್ಪೋಣ. ಆದರೆ ನಿಯಮದಲ್ಲಿ ಒಂದು ಸೊಗಸಿದೆ: ಮನೆ ಕೊಚ್ಚಿಹೋಗಿರಬೇಕು, ಪೂರ್ತಿ ಬಿದ್ದಿರಬೇಕು, ಇಲ್ಲವೇ ಎರಡು ದಿನಕ್ಕಿಂತ ಹೆಚ್ಚು ಕಾಲ ನೀರಲ್ಲಿರಬೇಕು. ಒಂದೂವರೆ ದಿನಕ್ಕೇ ಹೊಳೆ ಇಳಿದುಹೋದರೆ ನಿಯಮದ ಪ್ರಕಾರ ನಿಮ್ಮ ಹಾಸಿಗೆ ಒದ್ದೆಯಾಗಿಲ್ಲ. ನೀರಿಗೆ ಕೈಮುಗಿದು, 'ತಾಯಿ, ನಾಳೆ ಸಂಜೆ ತನಕ ಇರು, ತಲಾಠಿ ಬರೂದೈತಿ' ಎನ್ನಬೇಕು.

ಆಮೇಲೆ ಆ ವರ್ಷ ಮನೆಗಳಿಗೂ ಪರೀಕ್ಷೆ ನಡೆಯಿತು. ಶೇ 75ಕ್ಕಿಂತ ಹೆಚ್ಚು ಹಾನಿಯಾದರೆ 'ಎ', 5 ಲಕ್ಷ. 25ರಿಂದ 75ರವರೆಗೆ 'ಬಿ'. 15ರಿಂದ 25ರವರೆಗೆ 'ಸಿ', 50 ಸಾವಿರ. 14 ಆದರೆ ಫೇಲು. ಅರ್ಧ ಗೋಡೆ ನಿಂತ ಮನೆಯ ಮುಂದೆ ಟೇಪು ಹಿಡಿದ ಎಂಜಿನಿಯರ್ ಇದು ಎಪ್ಪತ್ನಾಲ್ಕೋ ಎಪ್ಪತ್ತಾರೋ ಎಂದು ಯೋಚಿಸುವಾಗ, ಮನೆಯಾಕೆ ನಿಂತ ಗೋಡೆಯನ್ನು ನೋಡುವ ನೋಟ ಇದೆಯಲ್ಲ, ಹಾಳಾದ್ದು ಬಿದ್ದಾದರೂ ಹೋಗಬಾರದಿತ್ತೇ ಎಂಬುದು, ಅದು ಯಾವ ವರದಿಯಲ್ಲೂ ಬರುವುದಿಲ್ಲ. ಹೊಳೆ ಅರ್ಧಕ್ಕೆ ಬಿಟ್ಟ ಕೆಲಸವನ್ನು ರಾತ್ರಿ ಹಾರೆ ಹಿಡಿದು ಮುಗಿಸಿದವರಿದ್ದಾರೆ ಎಂದು ಅಧಿಕಾರಿಗಳು ದೂರುತ್ತಾರೆ. ಇರಬಹುದು. ಗಟ್ಟಿ ಗೋಡೆ ಕಟ್ಟಿದವನಿಗೆ ದಂಡ, ಬಿದ್ದವನಿಗೆ ಬಹುಮಾನ ಎಂಬ ಪಠ್ಯ ಬರೆದವರು ಯಾರು ಸ್ವಾಮಿ?

'ಎ' ಸಿಕ್ಕರೂ ಆಗಲಿಲ್ಲ. ಮನೆಯ ದಾಖಲೆ, ಅಂದರೆ ಉತಾರ ಎಲ್ಲಿ? ಉತಾರದಲ್ಲಿ ಅಜ್ಜನ ಹೆಸರು. ಅಜ್ಜ ಎಲ್ಲಿ? ಹೋಗಿ ಇಪ್ಪತ್ತು ವರ್ಷ. ಅಜ್ಜನ ಮರಣಪತ್ರ ಎಲ್ಲಿ? ಟ್ರಂಕಿನಲ್ಲಿತ್ತು. ಟ್ರಂಕು? ಅದು ಬಾಗಲಕೋಟೆ ಕಡೆ ಹೋಯಿತು.

ಬೆಂಗಳೂರು ದೆಹಲಿಗೆ ಕೈಚಾಚಿದ ಕಥೆಯೂ ಇದೇ. ರಾಜ್ಯ ಲೆಕ್ಕ ಹಾಕಿದ ಆ ವರ್ಷದ ನಷ್ಟ 35 ಸಾವಿರ ಕೋಟಿಗೂ ಹೆಚ್ಚು. ಅಕ್ಟೋಬರ್‌ನಲ್ಲಿ ಕೇಂದ್ರ ಮೊದಲು ಕೊಟ್ಟಿದ್ದು 1,200 ಕೋಟಿ. ಕೇಂದ್ರದ ಟೇಪಿನಲ್ಲಿ ಕರ್ನಾಟಕ 'ಸಿ' ಆಗಿತ್ತು ಅಂತ ಕಾಣುತ್ತದೆ.

ಹಾಗಾದರೆ ವಿಮೆ? ಇಲ್ಲಿ ತಪ್ಪು ಸರ್ಕಾರದ್ದಷ್ಟೇ ಎಂದರೆ ನಾನು ಸುಳ್ಳುಗಾರನಾಗುತ್ತೇನೆ. ಗೋಕಾಕದಲ್ಲಿ ವಿಮೆ ಇರುವ ಬೈಕು ಹುಡುಕಿದರೆ ಸಿಗುತ್ತದೆ. ವಿಮೆ ಇರುವ ಮನೆ ಹುಡುಕಿದರೂ ಸಿಗುವುದು ಕಷ್ಟ. ಕಾರಣ ಸರಳ. ಬೈಕಿನ ಕಾಗದ ಕೇಳಲು ಸರ್ಕಲ್ಲಿನಲ್ಲಿ ಪೊಲೀಸಪ್ಪ ನಿಂತಿರುತ್ತಾನೆ, ಮನೆಯದನ್ನು ಕೇಳಲು ಹೊಸ್ತಿಲಲ್ಲಿ ಯಾರೂ ನಿಲ್ಲುವುದಿಲ್ಲ. ಆ ಬೈಕಿನದೂ ಹೆಚ್ಚಾಗಿ ಬರೀ ಥರ್ಡ್ ಪಾರ್ಟಿ: ನಿಮ್ಮ ಬೈಕು ಹೋಗಿ ಯಾರಿಗಾದರೂ ಗುದ್ದಿದರೆ ಹಣ ಉಂಟು, ಹೊಳೆ ಬಂದು ನಿಮ್ಮ ಬೈಕಿಗೆ ಗುದ್ದಿದರೆ ಇಲ್ಲ. ಕಾರಿಗೆ ಪೂರ್ತಿ ವಿಮೆ ಮಾಡಿಸಿದ ಸಾಹುಕಾರರೂ ನಗಬೇಡಿ. ನೀರಲ್ಲಿ ನಿಂತ ಕಾರಿನ ಕೀಲಿ ತಿರುಗಿಸಿ ಎಂಜಿನ್ ಕೆಟ್ಟರೆ, ಅದಕ್ಕೆಂದೇ ಬೇರೆ ಕಂತು ಕಟ್ಟಿರದಿದ್ದಲ್ಲಿ ಕಂಪನಿ ಕೈತೊಳೆದುಕೊಳ್ಳುತ್ತದೆ. ತೊಳೆಯಲು ನೀರಿಗೇನು ಬರ?

ವಿಮಾ ನಿಯಂತ್ರಣ ಪ್ರಾಧಿಕಾರ 2021ರ ಏಪ್ರಿಲ್ 1ರಿಂದ 'ಭಾರತ್ ಗೃಹ ರಕ್ಷಾ' ಎಂಬ ಒಂದೇ ಮಾದರಿಯ ಪಾಲಿಸಿ ತಂದಿದೆ. ಬೆಂಕಿಯ ಜೊತೆ ಪ್ರವಾಹವೂ ಅದರಲ್ಲಿದೆ. ಕಟ್ಟಡಕ್ಕೆ ಮಾಡಿಸಿದರೆ ಅದರ ಮೊತ್ತದ ಶೇ 20ರಷ್ಟು, 10 ಲಕ್ಷದ ಮಿತಿಯೊಳಗೆ, ಮನೆಯ ಸಾಮಾನಿಗೂ ತಾನಾಗಿಯೇ ಸಿಗುತ್ತದೆ. ಬಾಡಿಗೆದಾರರು ಸಾಮಾನಿಗಷ್ಟೇ ಮಾಡಿಸಬಹುದು. ಇದನ್ನು ಹೇಳಲು ಯಾವ ಏಜೆಂಟನೂ ಉಪ್ಪಾರ ಓಣಿಗೆ ಬಂದದ್ದನ್ನು ಕಂಡವರಿಲ್ಲ. ಬಂದರೂ ಮಣ್ಣಿನ ಗೋಡೆ ಕಂಡೊಡನೆ ಅವನಿಗೆ ಬೇರೆಲ್ಲೋ ಕೆಲಸ ನೆನಪಾಗುತ್ತದೆ. ಇತ್ತ ನಾವು? 'ಹೊಳಿ ಬಂದ್ರ ಸರ್ಕಾರ ಕೊಡ್ತೈತಿ ಬಿಡ್ರಿ' ಎಂದು ಕರದಂಟು ಬಾಯಿಗೆ ಹಾಕಿಕೊಳ್ಳುತ್ತೇವೆ. ಐದು ವರ್ಷಕ್ಕೊಮ್ಮೆ ಕಟ್ಟುವ ಕಂತು ನಮ್ಮದು, ಬೆರಳಿಗೆ ಶಾಯಿ ಹಚ್ಚಿಸಿಕೊಂಡು.

ಹೊಳೆ ಹರಡುವ ಜಾಗದಲ್ಲಿ ಏನು ಕಟ್ಟಬಹುದು, ಏನು ಕೂಡದು ಎಂದು ಗೆರೆ ಎಳೆಯಲು ಕೇಂದ್ರ ಒಂದು ಮಾದರಿ ಮಸೂದೆ ಬರೆದು ರಾಜ್ಯಗಳಿಗೆ ಕಳಿಸಿತ್ತು, 1975ರಲ್ಲಿ. ಮಣಿಪುರ, ರಾಜಸ್ಥಾನದಂಥ ಬೆರಳೆಣಿಕೆಯ ರಾಜ್ಯಗಳು ಕಾಯ್ದೆ ಮಾಡಿದವು. ಕರ್ನಾಟಕ ಆ ಪಟ್ಟಿಯಲ್ಲಿಲ್ಲ. ಇಷ್ಟು ಪ್ರವಾಹ ಬಂದರೂ ಆ ಕಡತಕ್ಕೆ ಒಂದು ಹನಿ ನೀರು ತಾಕಿಲ್ಲ ನೋಡಿ; ಎತ್ತರದ ಜಾಗದಲ್ಲಿ ಇಡುವುದು ನಮ್ಮವರಿಗೆ ಗೊತ್ತಿಲ್ಲ ಎನ್ನುವಂತಿಲ್ಲ.

ಆ ಕಾಯ್ದೆ ಬರುವವರೆಗೆ ಎರಡು ಕೆಲಸ ಮಾಡಿ. 2019ರ ನೀರು ನಿಮ್ಮ ಗೋಡೆಯಲ್ಲಿ ಎಲ್ಲಿಯವರೆಗೆ ಏರಿತ್ತೋ ಅಲ್ಲೊಂದು ಗೆರೆ ಬಳಿದು ಇಸವಿ ಬರೆಯಿರಿ. ಸುಣ್ಣ ಬಳಿಯಲು ಬಂದವನಿಗೆ ಅದನ್ನು ಮುಟ್ಟಬೇಡ ಎನ್ನಿ, ಮನೆ ಕೊಳ್ಳಲು ಬಂದವನಿಗೆ ಮೊದಲು ಅದನ್ನೇ ತೋರಿಸಿ. ಮತ್ತೆ, ಈ ಸಲ ಬೈಕಿನ ವಿಮೆ ಮಾಡಿಸಲು ಹೋದಾಗ ಏಜೆಂಟನನ್ನು ಕೂರಿಸಿಕೊಂಡು ಮನೆಯ ಪಾಲಿಸಿಯನ್ನೂ ಕೇಳಿ. ಜೂನ್ ಬರುವುದರೊಳಗೆ ಕೇಳಿ.