ಬೀರುವಾರೋಹಣ ಪರ್ವ

ಬೀರುವೆಂಬುದು ವಸ್ತ್ರಾದಿಗಳನ್ನು ಇಡುವುದಕ್ಕಾಗಿ ನಿರ್ಮಿತವಾದ ಪದಾರ್ಥವೆಂದು ಅರುವತ್ತೆಂಟು ವರ್ಷಗಳ ಕಾಲ ನಿಶ್ಶಂಕೆಯಾಗಿ ನಂಬಿಕೊಂಡು ಬಂದಿದ್ದ ನನಗೆ, ಕಳೆದ ಆಷಾಢದ ಒಂದು ಮಧ್ಯಾಹ್ನ, ಭೋಜನಾನಂತರದ ಕಿರುನಿದ್ರೆಯಿಂದೆದ್ದು ಮಕ್ಕಳ ಕೋಣೆಯ ಬಾಗಿಲಲ್ಲಿ ನಿಂತ ಗಳಿಗೆಯಲ್ಲಿ, ಆ ನಂಬಿಕೆಯು ಬುಡಸಮೇತ ಅಲ್ಲಾಡಿಹೋಯಿತು. ಆರು ವರ್ಷದ ಮೊಮ್ಮಗಳು ಬೀರುವಿನ ಕೆಳಗಿನ ಖಾನೆಯನ್ನು ಪೂರ್ತಿಯಾಗಿಯೂ, ನಡುವಣದನ್ನು ಅರ್ಧದಷ್ಟೂ, ಮೇಲಿನದನ್ನು ಗೇಣಷ್ಟೂ ಎಳೆದು ಸೋಪಾನಪಂಕ್ತಿಯೊಂದನ್ನು ರಚಿಸಿಕೊಂಡು, ಎರಡನೆಯ ಮೆಟ್ಟಿಲ ಮೇಲೆ ನಿಂತು, ನೆತ್ತಿಯ ಮೇಲಿದ್ದ ಕೋಡುಬಳೆಯ ಡಬ್ಬಿಗೆ ಕೈಚಾಚಿದ್ದಳು. ಬೀರುವಾದರೋ ಹಿಂಗಾಲೆರಡನ್ನೂ ನೆಲದಿಂದ ಬೆರಳಷ್ಟು ಎತ್ತಿ, ನಮಸ್ಕಾರಕ್ಕೆ ಬಗ್ಗಿದ ವೃದ್ಧನಂತೆ ಮುಂದಕ್ಕೆ ವಾಲಿತ್ತು. ಮಂಡಿನೋವಿನ ನಿಮಿತ್ತ ಸಂಧ್ಯಾವಂದನೆಯನ್ನು ಸಹ ಕುರ್ಚಿಯ ಮೇಲೆ ಕುಳಿತೇ ಮಾಡತಕ್ಕ ನಾನು ಹೇಗೆ ಹಾರಿ ಅದಕ್ಕೆ ಭುಜ ಕೊಟ್ಟೆನೋ ಅರಿಯೆ. "ತಾತ, ಅಲ್ಲಾಡಿಸಬೇಡ, ಇನ್ನೊಂಚೂರು ಇದೆ" ಎಂದು ಮೇಲಿಂದ ಅಪ್ಪಣೆಯಾಯಿತು.

ಡಬ್ಬಿಯನ್ನು ಅಲ್ಲಿರಿಸಿದ್ದವಳು ನಮ್ಮಾಕೆ. ಮಕ್ಕಳ ಕೈಗೆ ಎಟಕದಿರಲೆಂದು. ಈ ಉಪಾಯವು ದ್ವಾಪರಯುಗದಷ್ಟು ಹಳೆಯದು, ಅಂದಿನಿಂದಲೂ ನಿಷ್ಫಲವಾದದ್ದು. ಗೋಕುಲದ ಗೃಹಿಣಿಯರು ಬೆಣ್ಣೆಯ ಗಡಿಗೆಯನ್ನು ನೆಲುವಿಗೇರಿಸಿದರೆ, ಕೃಷ್ಣನು ಒರಳನ್ನು ಬೋರಲು ಹಾಕಿ ಅದರ ಮೇಲೇರಿದನು. ಯಶೋದೆಯು ಕುಪಿತಳಾಗಿ ಮಗುವನ್ನು ಆ ಒರಳಿಗೇ ಬಿಗಿಯಲಾಗಿ, ಅಂಗಳದ ಎರಡು ಮತ್ತಿಯ ಮರಗಳು ಬೇರುಸಹಿತ ಧರೆಗುರುಳಿದವು. ಕಟ್ಟಬೇಕಾದದ್ದು ಮಗುವನ್ನು ಸಾಮಾನಿಗಲ್ಲ, ಸಾಮಾನನ್ನು ಗೋಡೆಗೆ ಎಂಬ ಸೂಕ್ಷ್ಮವು ಆ ಸಾಧ್ವಿಗೆ ಹೊಳೆಯಲಿಲ್ಲ. ನಾನು ಹುಟ್ಟಿದ ಹಳ್ಳಿಯ ಮನೆಯಲ್ಲಾದರೋ ಬೀಳಬಲ್ಲ ಬೀರುವೇ ಇರಲಿಲ್ಲ. ಗೋಡೆಯಲ್ಲಿ ಗೂಡು, ಮೇಲೆ ನಾಗಂದಿಗೆ, ಅದಕ್ಕೂ ಮೇಲೆ ಅಟ್ಟ. ನಾವು ಬೀಳುತ್ತಿದ್ದುದುಂಟು, ಅವು ನಮ್ಮ ಮೇಲೆ ಬೀಳುತ್ತಿರಲಿಲ್ಲ.

ಮರುದಿನವೇ ಬಡಗಿ ಆಚಾರ್ಯರಿಗೆ ಕರೆಹೋಯಿತು. ಅವರು ಬಂದವರು ಬೀರುವಿನ ಕಡೆಗೆ ನೋಡಲೂ ಇಲ್ಲ. ಮೊಮ್ಮಗಳಿಂದ ಒಂದು ಗೋಲಿಯನ್ನು ಕಡ ಪಡೆದು ನೆಲದ ಮೇಲಿರಿಸಿ ಸುಮ್ಮನೆ ಕುಳಿತರು. ಗೋಲಿಯು ಕ್ಷಣಕಾಲ ಯೋಚಿಸಿ, ಮೆಲ್ಲನೆ ಹೊರಟು, ಬಾಗಿಲ ಹೊಸ್ತಿಲಿಗೆ ಹೋಗಿ ತಟ್ಟಿತು. ತೊಳೆದ ನೀರು ತಾನಾಗಿ ಹೊರಕ್ಕೆ ಹರಿಯಲೆಂದು ಹಿಂದಿನವರು ನೆಲಕ್ಕೆ ಕೊಟ್ಟಿದ್ದ ಇಳಿಜಾರು ಅದು. ಬೀರು ಹುಟ್ಟಾ ಮುಂದಕ್ಕೆ ಬಾಗಿಯೇ ನಿಂತಿತ್ತೆಂಬುದು ಇಷ್ಟು ವರ್ಷಗಳ ಮೇಲೆ ನನಗೆ ತಿಳಿದುಬಂದಿತು. "ಖಾಲಿ ಬೀರು ನೆಟ್ಟಗೇ ನಿಲ್ತದೆ ಸ್ವಾಮಿ" ಎಂದರು ಆಚಾರ್ಯರು. "ಖಾನೆ ಮೂರೂ ಒಟ್ಟಿಗೆ ಈಚೆ ಬಂದ್ರೆ ಹೊಟ್ಟೇನೇ ಈಚೆ ಬಂದ ಹಾಗೆ. ಅದರ ಮೇಲೆ ಮಗೂನೂ ನಿಂತರೆ ಮುಗ್ಗರಿಸದೆ ಇನ್ನೇನು ಮಾಡೀತು?" ಭಾರಕೇಂದ್ರವು ಮುಂಗಾಲುಗಳ ಗೆರೆಯನ್ನು ದಾಟಿದೊಡನೆ ವಸ್ತುವು ಉರುಳುವುದೆಂಬುದನ್ನು ನಾನು ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದ್ದೆನೆಂಬುದನ್ನು ಆ ಸಮಯದಲ್ಲಿ ಪ್ರಕಟಿಸಲಿಲ್ಲ.

ಮುಂಗಾಲುಗಳ ಕೆಳಗೆ ಬೆಣೆ ಬಿದ್ದಿತು. ಖಾನೆಗಳು ಪೂರ್ತಿ ಕಳಚಿಬರದಂತೆ ಒಳಗಡೆ ತಡೆ, ತೆಳುವಾದ ತಳಕ್ಕೆ ಬದಲು ದಪ್ಪ ಹಲಗೆ, ಮೊಳೆಗಳ ಜಾಗದಲ್ಲಿ ತಿರುಪು. ಗೋಡೆಯ ಪ್ರಕರಣ ಮಾತ್ರ ಸುಲಭದ್ದಾಗಿರಲಿಲ್ಲ. ಗಾರೆಯ ಮುದಿಗೋಡೆಗೆ ಮೊದಲ ರಂಧ್ರ ಕೊರೆದಾಗ ಒಳಗಿನಿಂದ ಮರಳು ಸಕ್ಕರೆಯಂತೆ ಸುರಿಯಿತು. ಅದರಲ್ಲಿ ನೆಟ್ಟ ತಿರುಪು ಮಗುವನ್ನಿರಲಿ, ಕ್ಯಾಲೆಂಡರನ್ನೂ ಹಿಡಿಯಲಾರದೆಂದು ತಲೆಯಾಡಿಸಿದ ಆಚಾರ್ಯರು, ವೈದ್ಯನು ರೋಗಿಯ ಎದೆಯನ್ನು ತಟ್ಟುವಂತೆ ಬೆರಳ ಗೆಣ್ಣಿನಿಂದ ಗೋಡೆಯನ್ನು ಗೇಣುಗೇಣಾಗಿ ತಟ್ಟುತ್ತ, ಕಿವಿಗೊಟ್ಟು, ಗಟ್ಟಿ ಇಟ್ಟಿಗೆಯ ದನಿ ಬಂದೆಡೆ ಪೆನ್ಸಿಲಿನಿಂದ ಗುರುತು ಹಾಕಿದರು. ಕಬ್ಬಿಣದ ಎರಡು ಎಲ್ ಪಟ್ಟಿಗಳು ಬೀರುವಿನ ಬೆನ್ನಿನ ತೆಳು ಪ್ಲೈವುಡ್ಡಿಗಲ್ಲದೆ ಮೇಲುಪಟ್ಟಿಯ ಗಟ್ಟಿ ಮರಕ್ಕೆ ಬಿಗಿಯಲ್ಪಟ್ಟು, ಇಟ್ಟಿಗೆಯಲ್ಲಿ ಊರಿ ನಿಂತವು.

ಇಷ್ಟರಲ್ಲಿ ಅಮೆರಿಕದಲ್ಲಿರುವ ಮಗನಿಗೆ ಸುದ್ದಿ ಮುಟ್ಟಿ, ಅವನ ಉಪನ್ಯಾಸವು ದೂರವಾಣಿಯಲ್ಲಿ ಪ್ರಾರಂಭವಾಯಿತು. ಆ ದೇಶದಲ್ಲಿ ಇದಕ್ಕಾಗಿಯೇ 2022ರಲ್ಲಿ ಶಾಸನವಾಗಿದೆಯಂತೆ. ಹೆಸರಿನ ಆದ್ಯಕ್ಷರಗಳನ್ನು ಹೆಕ್ಕಿ ಕೂಡಿಸಿದರೆ 'ಸ್ಟರ್ಡಿ', ಎಂದರೆ ಗಟ್ಟಿಮುಟ್ಟು, ಎಂದಾಗುತ್ತದಂತೆ. 2023ರ ಸೆಪ್ಟೆಂಬರಿನಿಂದೀಚೆಗೆ ಅಲ್ಲಿ ತಯಾರಾಗತಕ್ಕ, 27 ಅಂಗುಲ ಮತ್ತು ಅದಕ್ಕೂ ಎತ್ತರದ ಬಟ್ಟೆಯ ಬೀರುಗಳು, 60 ಪೌಂಡಿನವರೆಗೆ ತೂಗುವ ಮಗುವು ಹತ್ತಿದರೂ ಜೋತುಬಿದ್ದರೂ ಉರುಳಕೂಡದಂತೆ. ಶಾಸನದ ಮಾತನ್ನು ಆಚಾರ್ಯರಿಗೆ ಅನುವಾದಿಸಿದೆ. "ಎಷ್ಟಾಯ್ತು ಕಿಲೋ ಲೆಕ್ಕದಲ್ಲಿ?" ಎಂದರು. ಸುಮಾರು 27 ಎಂದೆ. ಅವರು ನೆಟ್ಟಗೆ ಅಡುಗೆಮನೆಗೆ ನಡೆದು, ಅಂದು ಬೆಳಗ್ಗೆಯಷ್ಟೇ ಬಂದಿದ್ದ 25 ಕಿಲೋ ಅಕ್ಕಿಯ ಮೂಟೆಯನ್ನು ಹೆಗಲಿಗೇರಿಸಿ ತಂದು ತೆರೆದ ಖಾನೆಯ ಮೇಲಿಟ್ಟು, "ಇನ್ನೆರಡು ಕಿಲೋ?" ಎಂದು ನನ್ನ ಮುಖ ನೋಡಿದರು. ನಾನು ತೊಗರಿಬೇಳೆಯ ಡಬ್ಬ ತಂದೆ. ಖಾನೆ ಕಿರುಗುಟ್ಟಿತು, ಬೀರು ಕದಲಲಿಲ್ಲ. ಒಲೆಯ ಮುಂದೆ ಎಸರಿಟ್ಟುಕೊಂಡು ನಿಂತಿದ್ದ ನಮ್ಮಾಕೆ ಬೇಳೆಯನ್ನು ಅರಸುತ್ತ ಅಲ್ಲಿಗೆ ಬಂದು, ಅಮೆರಿಕದ ಶಾಸನದ ವಿಷಯದಲ್ಲಿ ಆಡಿದ ಮಾತುಗಳನ್ನು ಇಲ್ಲಿ ಬರೆಯುವುದು ಉಚಿತವಲ್ಲ.

ಬಣ್ಣದ ವಿಚಾರದಲ್ಲಿ ಹೆಚ್ಚು ಚರ್ಚೆಯಾಗಲಿಲ್ಲ. ಎಂಟು ತಿಂಗಳ ಮೊಮ್ಮಗನಿಗೆ ಹಲ್ಲು ಮೂಡುತ್ತಿದ್ದು, ಬೀರುವಿನ ಅಂಚನ್ನು ಅವನು ಇಲಿಯಂತೆ ಕಡಿಯತೊಡಗಿದ್ದರಿಂದ ಹಳೆಯ ಬಣ್ಣವನ್ನು ಹೆರೆಸಿ, ಸೀಸದ ಅಂಶವು ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಕೂಡದೆಂದು ನಮ್ಮ ದೇಶದಲ್ಲಿಯೂ 2017ರ ನವೆಂಬರಿನಿಂದ ನಿಯಮವಿರುವ ಕಾರಣ, ಡಬ್ಬಿಯ ಮೇಲಿನ ಸಣ್ಣಕ್ಷರಗಳನ್ನು ಭೂತಗನ್ನಡಿಯಲ್ಲಿ ಓದಿ ಹೊಸದನ್ನು ತಂದೆವು. ಮೂಲೆಗಳನ್ನು ಆಚಾರ್ಯರು ಉಜ್ಜಿ ಗುಂಡಗೆ ಮಾಡಿದರು.

ಹೊರಡುವಾಗ ಅವರು ಎರಡು ಷರತ್ತು ವಿಧಿಸಿದರು: ಕೋಡುಬಳೆಯ ಡಬ್ಬಿ ಬೀರುವಿನ ಮೇಲಿರಕೂಡದು, ಭಾರವಾದದ್ದೆಲ್ಲ ಕೆಳಗಿನ ಖಾನೆಯಲ್ಲಿರತಕ್ಕದ್ದು. ಮನೆಯಲ್ಲಿ ಅಕ್ಕಿಗಿಂತ ಭಾರವಾದದ್ದು ಇನ್ನಾವುದು? ಮೂಟೆಯನ್ನು ಮತ್ತೆ ಹೊತ್ತು ಅಡುಗೆಮನೆ ಮುಟ್ಟಿಸುವ ಶಕ್ತಿ ನನಗೆ ಇಲ್ಲದ್ದರಿಂದ, ಅದು ಅಲ್ಲಿಯೇ, ಮಕ್ಕಳ ಕೋಣೆಯ ಕೆಳಖಾನೆಯಲ್ಲಿಯೇ, ಸ್ಥಿರವಾಗಿ ನೆಲೆಸಿತು. ನಮ್ಮಾಕೆ ದಿನಂಪ್ರತಿ ಪಾವು ಹಿಡಿದು ಅಲ್ಲಿಗೆ ಬರಬೇಕಾಯಿತು. ಮನೆಗೆಲಸದಾಕೆಯೊಡನೆ ಒಮ್ಮೆ ನ್ಯಾಯಬೆಲೆ ಅಂಗಡಿಯನ್ನು ನೋಡಿಬಂದಿದ್ದ ಮೊಮ್ಮಗಳು ಈ ವ್ಯವಹಾರವನ್ನು ಎರಡು ದಿನ ಗಮನಿಸಿ, ಮೂರನೆಯ ದಿನ ಖಾನೆಯ ಮುಂದೆ ಮಣೆ ಹಾಕಿಕೊಂಡು ಕುಳಿತಳು.

"ಕಾರ್ಡ್ ತಂದಿದ್ದೀಯಾ ಅಜ್ಜಿ? ಇಲ್ಲಿ ಹೆಬ್ಬೆಟ್ಟು ಒತ್ತು."

ಅಜ್ಜಿ ಆಕೆಯ ಲೆಕ್ಕದ ಪುಸ್ತಕದ ಮೇಲೆ ಹೆಬ್ಬೆಟ್ಟು ಒತ್ತಿದಳು. ಮೊಮ್ಮಗಳು ಬಹಳ ಹೊತ್ತು ಅದನ್ನೇ ನೋಡಿ, "ಸರ್ವರ್ ಇಲ್ಲ, ನಾಳೆ ಬಾ" ಎಂದು ಖಾನೆಯನ್ನು ತಳ್ಳಿ ಮುಚ್ಚಿದಳು.

ಅಂದು ನಮ್ಮ ಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ಉಪ್ಪಿಟ್ಟು.